ಬೇಥಾನ್ಯಪೇಟೆಯ ಸಭೆಯಲ್ಲಿ ಸೀಲಪ್ಪ ಎದ್ದು ನಿಂತದ್ದು

ಕರ್ತನ ವರ್ಷ ಎರಡು ಸಾವಿರದ ನೂರ ತೊಂಬತ್ತೊಂದು, ಎರಡನೆಯ ಬೇಸಿಗೆಯ ನಲವತ್ತನೆಯ ದಿನ. ಒಣ ಮಲಪ್ರಭೆಯ ದಂಡೆ, ಬೇಥಾನ್ಯಪೇಟೆ.

ನನಗಿಂತ ನೂರೈವತ್ತು ವರ್ಷ ಮೊದಲು ಈ ಸಭೆಯ ಬೆಂಚುಗಳ ಮೇಲೆ ಕೂತಿದ್ದ ಹಿರಿಯರಿಗೆ, ನೇಕಾರರ ಎಸ್ತೇರವ್ವನ ಮಗಳು ದೀನಾ ಮಾಡುವ ವಂದನೆಗಳು.

ಮೇಲಿನ ತೇದಿ ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಹಿಂದಕ್ಕೆ ಕಾಗದ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ನಿಮ್ಮ ಹೆಸರುಗಳಿರುವ ದೀಕ್ಷಾಸ್ನಾನದ ದಾಖಲೆ ಪುಸ್ತಕ ನನ್ನ ಬಳಿ ಇದೆ; ಅದರ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲದ ಜನರಿಗೆ ಹೇಳಿ ಸಾಕಾಗಿದೆ. ಮುಂದೆ ಬರುವವರು ಓದಲು ಕಲಿಯುತ್ತಾರೋ ಇಲ್ಲವೋ ತಿಳಿಯದು. ಉಳಿದವರು ನೀವು ಮಾತ್ರ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕೈಯಿಂದ ಬರೆಯುವ ಅಭ್ಯಾಸ ನಮ್ಮಲ್ಲಿ ತಪ್ಪಿಹೋಗಿ ಎಷ್ಟೋ ಕಾಲವಾಯಿತು, ಅಕ್ಷರಗಳು ಸೊಟ್ಟಗಿವೆ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಮಳೆಯ ಹೆಸರಿನ ಇಪ್ಪತ್ತೋ ಇಪ್ಪತ್ತೈದೋ ದಿನಗಳಿರುತ್ತವೆ. ಬೆಳಿಗ್ಗೆ ಹತ್ತಕ್ಕೆ ಊರ ಸೈರನ್ ಕೂಗಿದರೆ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಬೀದಿಗಳ ಮೇಲೆಲ್ಲ ಈ ತುದಿಯಿಂದ ಆ ತುದಿಗೆ ನೆರಳುಬಟ್ಟೆ ಹಾಸಿರುತ್ತದೆ. ದಪ್ಪ ದಾರದ ಆ ಬಿಳಿ ಬಟ್ಟೆ ಇಲ್ಲದಿದ್ದರೆ ಮನೆಯ ಗೋಡೆ ಮುಟ್ಟಲಾಗದಷ್ಟು ಕಾಯುತ್ತದೆ. ಅದನ್ನು ನೇಯುವವರು ನಾವೇ. ಬೇಥಾನ್ಯಪೇಟೆಯ ಕ್ರೈಸ್ತರು ನಿಮ್ಮ ಕಾಲದಿಂದಲೂ ನೇಕಾರರು. ಆಗ ಸೀರೆ, ಪಂಜೆ, ಈಗ ನೆರಳು. ಬೆಳಗಿನ ಜಾವಕ್ಕೆ ಮಗ್ಗ ಹೂಡಿ, ಹತ್ತಕ್ಕೆ ನಿಲ್ಲಿಸಿ, ಜೋಳದ ನುಚ್ಚು ಉಂಡು ಮಲಗಿ, ಇಳಿಹೊತ್ತಿಗೆ ಮತ್ತೆ ಎದ್ದು ಕೂಡುವುದು ನಮ್ಮ ದಿನಚರಿ. ದಾರದ ಧೂಳು ಎದೆಗಿಳಿದು ಐವತ್ತು ದಾಟಿದವರೆಲ್ಲ ಕೆಮ್ಮುತ್ತೇವೆ.

ಇನ್ನು ಹೇಳುಗದ ವಿಷಯ. ಪ್ರತಿ ಮನೆಯ ಗೋಡೆಯಲ್ಲೂ ಆಳೆತ್ತರದ ಒಂದು ಗಾಜಿದೆ. ನಿಮ್ಮ ಕಾಲದಲ್ಲಿ ಅದು ಅಂಗೈಯಲ್ಲಿ ಹಿಡಿಸುವಷ್ಟಿತ್ತಂತೆ. ಏನು ಕೇಳಿದರೂ ಹೇಳುತ್ತದೆ, ಅದಕ್ಕೇ ಆ ಹೆಸರು. ಮೊದಮೊದಲು ದಾರದ ಧಾರಣೆ, ಗಾಳಿಯ ದಿಕ್ಕು ಕೇಳುತ್ತಿದ್ದರು. ಆಮೇಲೆ ಮದುವೆ, ಮಕ್ಕಳ ಹೆಸರು, ಯಾರ ಜೊತೆ ಮಾತು ಬಿಡಬೇಕು ಎನ್ನುವುದು. ನಾನು ಹುಡುಗಿಯಾಗಿದ್ದಾಗಲೇ ಜನ ಅದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ನಮ್ಮ ಸಭೆಯವರೂ ಒಂದನ್ನು ತಂದು ಪ್ರಸಂಗಪೀಠದ ಪಕ್ಕ ನಿಲ್ಲಿಸಿದರು. ತೀರಿಹೋದ ಯೆಶಾಯಪ್ಪ ಅಯ್ಯನವರ ಮುಖ, ಅವರದೇ ದನಿ ಅದಕ್ಕೆ ಕೊಟ್ಟರು. ಆ ಪುಣ್ಯಾತ್ಮರು ನಲವತ್ತು ವರ್ಷ ನಮ್ಮ ಸಭಾಪಾಲಕರಾಗಿದ್ದವರು. ಅವರ ದನಿ ಕೇಳಿದ ದಿನ ಹೆಂಗಸರೆಲ್ಲ ಅತ್ತೆವು. ನಾನೂ ಅತ್ತೆ.

ಹೇಳುಗ ಕೆಲವರಿಗೆ ಪೂರ್ತಿ ಹೇಳುತ್ತಿತ್ತು. ಮುದುಕರಿಗೆ, ವಾಸಿಯಾಗದ ರೋಗಿಗಳಿಗೆ, ನಿಮ್ಮ ಬಾಳು ಪೂರ್ತಿಯಾಯಿತು ಎನ್ನುವುದು. ಹಾಗೆ ಹೇಳಿಸಿಕೊಂಡವರು ಊರಾಚೆಯ ತಂಪುಮನೆಗೆ ಹೋಗುತ್ತಾರೆ. ಒಳಗೆ ಚಳಿಯಾಗುವಷ್ಟು ತಂಪು, ಮೆತ್ತನೆಯ ಹಾಸಿಗೆ, ಒಂದು ಸೂಜಿ. ತಿರುಗಿ ಬರುವುದಿಲ್ಲ. ಯಾರೂ ಎಳೆದೊಯ್ಯುವುದಿಲ್ಲ ಎಂಬುದನ್ನು ನೀವು ತಿಳಿಯಬೇಕು. ಕಾನೂನಿಲ್ಲ, ಪೊಲೀಸರಿಲ್ಲ. ಮನೆಯವರೇ ಹೊಸ ಬಟ್ಟೆ ಉಡಿಸಿ, ಸಿಹಿ ಮಾಡಿ, ಓಣಿಯವರನ್ನೆಲ್ಲ ಕರೆದು, ಚಪ್ಪಾಳೆ ತಟ್ಟಿ ಕಳಿಸಿಕೊಡುತ್ತಾರೆ. ಪೂರ್ತಿ ಹಬ್ಬ ಎನ್ನುತ್ತಾರೆ. ಊರೂರಿನ ಹಬ್ಬಗಳನ್ನು ಜನ ಗಾಜಿನಲ್ಲಿ ನೋಡಿ, ಯಾರ ಮನೆಯದು ಚಂದವಾಯಿತು ಎಂದು ಮಾತಾಡಿಕೊಳ್ಳುತ್ತಾರೆ.

ನಮ್ಮ ಅವ್ವ ಎಸ್ತೇರವ್ವನಿಗೆ ಆಗ ಎಪ್ಪತ್ತಾರು. ನನಗೆ ಐವತ್ತೆರಡು. ಮದುವೆಯಾಗದ ನಾನು, ಹೆಂಡತಿ ತೀರಿದ ನಮ್ಮಣ್ಣ ಸೀಲಪ್ಪ, ಅವ್ವ, ಮೂವರೇ ಮನೆಯಲ್ಲಿ. ಅವ್ವ ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಕೆಮ್ಮು ಹತ್ತಿದರೆ ಎಬ್ಬಿಸಿ ಕೂಡಿಸಬೇಕು, ಬೆನ್ನು ತಿಕ್ಕಬೇಕು, ಬಟ್ಟೆ ಬದಲಿಸಬೇಕು. ಅಣ್ಣ ನೆರಳುಬಟ್ಟೆಯ ಗಂಟುಗಳನ್ನು ಹೇರಿಕೊಂಡು ಹನ್ನೆರಡು ದಿನದ ದಾರಿಗೆ ಹೋಗಿದ್ದ. ಆ ಭಾನುವಾರ ಆರಾಧನೆ ಮುಗಿದ ಮೇಲೆ ನಾನೊಬ್ಬಳೇ ಹಿಂದೆ ಉಳಿದು ಗಾಜಿನ ಮುಂದೆ ನಿಂತೆ. ನಮ್ಮ ಅವ್ವಂದು ಹೆಂಗ್ರಿ ಅಯ್ಯನವರ, ಎಂದು ಕೇಳಿದೆ.

ಯೆಶಾಯಪ್ಪ ಅಯ್ಯನವರ ದನಿ ಹೇಳಿತು: "ದೀನಾ, ನೀ ಭಾಳ ದಣದೀಯವಾ. ಎಸ್ತೇರವ್ವನ ಓಟ ಪೂರ್ತಿ ಆಗೇತಿ. ಸಮಾಧಾನದಿಂದ ಕಳಿಸಿಕೊಡು."

ನಾನು ದಣಿದಿದ್ದೇನೆ ಎಂದು ಏಳು ತಿಂಗಳಲ್ಲಿ ಹೇಳಿದ್ದು ಅದೊಂದೇ. ಮನುಷ್ಯರ ಬಾಯಿಂದ ಆ ಮಾತು ಬಂದಿದ್ದರೆ ನಾನು ಗಾಜಿನ ಮುಂದೆ ನಿಲ್ಲುತ್ತಿರಲಿಲ್ಲವೇನೋ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು. ಆಮೇಲೆ ಕೇಳಿದಳು.

"ಸೀಲ ಬರೋತನಕ ಇರ್ಲೇನವಾ?"

ನಾನು ಬೇಡ ಎನ್ನಲೂ ಇಲ್ಲ, ಇರು ಎನ್ನಲೂ ಇಲ್ಲ. ಎದ್ದು ಒಲೆಯ ಕಡೆ ಹೋದೆ. ನನ್ನ ಬೆನ್ನನ್ನೇ ಉತ್ತರವೆಂದು ತಿಳಿದಳು. ಮರುದಿನ ನಾನು ಶಾವಿಗೆ ಪಾಯಸ ಮಾಡಿದೆ. ಓಣಿಯವರು ಬಂದರು. ಅವ್ವ ಎರಡು ಚಮಚ ತಿಂದು, ಸಕ್ಕರೆ ಹದವಾಗೇತಿ ಎಂದಳು. ನಾನೇ ಗಾಡಿಯಲ್ಲಿ ಕೂಡಿಸಿ, ಕೈಹಿಡಿದು ತಂಪುಮನೆಯ ಬಾಗಿಲವರೆಗೆ ಕರೆದುಕೊಂಡು ಹೋದೆ. ನಾನು ಬರೆಯಲೇಬೇಕಾಗಿದ್ದದ್ದು ಇದು. ಉಳಿದದ್ದೆಲ್ಲ ಇದರಿಂದಲೇ ಆಯಿತು.

ಅಣ್ಣ ಮೂರು ದಿನಕ್ಕೆ ಬಂದ. ಖಾಲಿ ಹಾಸಿಗೆ ನೋಡಿದ. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ; ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮುಚ್ಚುಹೊತ್ತು ಮುಗಿದು ನೇಯುವ ಹೊತ್ತಾದರೂ ಲಾಳಿ ಮುಟ್ಟಲಿಲ್ಲ. ಕೊನೆಗೆ ಹೇಳಿದ: "ನಾ ಇದ್ದಿದ್ರೂ ಸುಮ್ನ ಇರ್ತಿದ್ನೋ ಏನೋ, ತಂಗಿ. ಅದ ನನಗ ಅಂಜಿಕಿ ಆಗಾಕತ್ತೈತಿ."

ಸೀಲಪ್ಪ ಮಾತುಗಾರನಲ್ಲ. ಸಭೆಯಲ್ಲಿ ವಾಕ್ಯ ಓದುವ ಸರದಿ ಅವನದಿದ್ದಾಗ ಬೆವರುತ್ತಿದ್ದ. ಸಿಟ್ಟು ಬಂದರೆ ತೊದಲುತ್ತಿದ್ದ. ಅಂಥವನು ಮುಂದಿನ ಭಾನುವಾರ, ಗಾಜು ಪ್ರಸಂಗ ಹೇಳುತ್ತಿರುವಾಗಲೇ, ಎದ್ದು ನಿಂತ. ಮಗ್ಗದ ಮನೆಯಿಂದ ತಂದಿದ್ದ ನೆರಳುಬಟ್ಟೆಯನ್ನು ಹೆಗಲ ಮೇಲಿಂದ ತೆಗೆದು, ಮುಂದೆ ಹೋಗಿ, ಗಾಜಿನ ಮೇಲೆ ಹೊದಿಸಿದ. ಬಟ್ಟೆಯ ಒಳಗಿಂದ ಅಯ್ಯನವರ ದನಿ ಮಾತಾಡುತ್ತಲೇ ಇತ್ತು.

ಆಗಿನ ಸಭಾಪಾಲಕರಾದ ಪ್ರೇಮಾನಂದ ಅಯ್ಯನವರು ಎದ್ದರು. ಕೆಟ್ಟವರಲ್ಲ ಅವರು. "ಸೀಲಪ್ಪ, ನಿನ್ನ ದುಃಖ ನಮಗ ತಿಳಿತೈತಿ. ಇದು ಬರೇ ಒಂದು ಸಾಧನ ಅಪಾ. ಪೂಜಾ ಯಾರು ಮಾಡ್ಯಾರ?"

"ಯಾವುದು ಸಾಯಿ ಅಂದ್ರ ಸಾಯತೀವಿ, ಅದು ದೇವರಲ್ಲದ ಮತ್ತೇನ್ರಿ?" ಎಂದ ಅಣ್ಣ. ತೊದಲುತ್ತಲೇ ಮುಂದುವರಿಸಿದ. "ಅಜ್ಜನ ಕಾಲದಿಂದ ಮಂದಿ ಗುಡಿ ಕಡೆ ಬಟ್ಟು ತೋರಿಸಿ ವಿಗ್ರಹ, ವಿಗ್ರಹ ಅಂದ್ವಿ. ಅವು ನಮ್ಮ ತಾಯಿನ ಕೇಳಿದ್ವೇನು? ನಮ್ಮ ತಾಯಿನ ಕೇಳಿದ್ದು ಇದು. ಈ ಪೀಠದ ಬಾಜೂಕ ನಿಂತು ಕೇಳೈತಿ. ನಾವ ತಂದು ನಿಲ್ಲಿಸೀವಿ. ನಾವ ಕೊಟ್ಟೀವಿ."

ಕೊಟ್ಟೀವಿ ಎನ್ನುವಾಗ ಅವನು ನನ್ನ ಕಡೆ ನೋಡಲಿಲ್ಲ. ಯಾರಾದರೂ ಅವನ ಪಕ್ಕ ನಿಲ್ಲಬಹುದಾಗಿತ್ತು. ನಾನು ನಿಲ್ಲಬಹುದಾಗಿತ್ತು. ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತ ಕೂತೆ. ಇಬ್ಬರು ಹಿರಿಯರು ಬಂದು ಅವನ ರಟ್ಟೆ ಹಿಡಿದು ಮೆಲ್ಲಗೆ, ರೋಗಿಯನ್ನು ನಡೆಸುವಂತೆ, ಹೊರಗೆ ಕರೆದುಕೊಂಡು ಹೋದರು. ನಾನು ಹಾಡು ಮುಗಿಯುವವರೆಗೂ ಇದ್ದು ಆಮೇಲೆ ಬಂದೆ.

ಮರುವಾರದಿಂದ ಅವನು ಶನಿವಾರದ ಸಂತೆಯಲ್ಲಿ ನಿಲ್ಲತೊಡಗಿದ. ಬೆಳಿಗ್ಗೆ ಆರಕ್ಕೆ, ಉಪ್ಪಿನ ಅಂಗಡಿಗಳ ಎದುರು, ಒಂದು ಬೋರಲು ಬುಟ್ಟಿಯ ಮೇಲೆ. ತೊದಲುತ್ತಲೇ ಹೇಳುತ್ತಿದ್ದ: ಕೇಳಬೇಡಿ, ಅದನ್ನು ಕೇಳುವುದು ಬಿಡಿ, ಮುದುಕರನ್ನು ಕೊಡಬೇಡಿ, ಹಬ್ಬ ಮಾಡಿ ಕೊಲ್ಲಬೇಡಿ, ಅವರಿವರ ಅಳುವನ್ನು ಗಾಜಿನಲ್ಲಿ ನೋಡಿ ನಗಬೇಡಿ. ಮೊದಲು ನಾನೊಬ್ಬಳೇ ಅವನ ಜೊತೆ ಹೋದೆ. ಆಮೇಲೆ ಇನ್ನೂ ಹನ್ನೊಂದು ಜನ ಸೇರಿದರು. ಜನ ನಕ್ಕರು, ಒಬ್ಬ ಕೊಳೆತ ಈರುಳ್ಳಿ ಎಸೆದ, ಹೆಚ್ಚಿನವರು ಸುಮ್ಮನೆ ಹಾದುಹೋದರು. ಅವನ ಮಾತು ಉಳಿಯಲೆಂದು ನಾನು ದನಿ, ಮುಖ ಎರಡನ್ನೂ ಹಿಡಿಯುವ ಒಂದು ಚಿಕ್ಕ ಡಬ್ಬಿಯಲ್ಲಿ ಪ್ರತಿ ಶನಿವಾರದ್ದನ್ನೂ ಹಿಡಿದಿಟ್ಟೆ. ನೂರ ಮೂವತ್ತು ಶನಿವಾರಗಳು.

ಮಾತಷ್ಟೇ ಆಗಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಒಂದು ಶನಿವಾರ ಸಂತೆ ಮುಗಿಯುವ ಹೊತ್ತಿಗೆ ಲಿಂಗಾಯತರ ಗುರುಸಿದ್ದವ್ವ ಬಂದಳು. ಎಪ್ಪತ್ತರ ಮುದುಕಿ, ಎರಡೂ ಕಣ್ಣು ಕಾಣದು, ಕೋಲು ಊರಿಕೊಂಡು ದನಿಯ ಜಾಡು ಹಿಡಿದು ಬಂದಿದ್ದಳು. "ಕೊಡಬ್ಯಾಡ್ರಿ ಅಂತ ಒದರಾವ ನೀ ಏನು? ನನಗ ನಿನ್ನೆ ಪೂರ್ತಿ ಹೇಳೈತಿ. ಸೊಸಿ ಹೋಳಿಗಿಗೆ ಬ್ಯಾಳಿ ಹಾಕ್ಯಾಳ. ಈಗ ನಾ ಎಲ್ಲಿಗೆ ಹೋಗ್ಲಿ? ಹೇಳು."

ಅಣ್ಣ ಬುಟ್ಟಿಯಿಂದಿಳಿದ. ಅವಳ ಕೈ ಹಿಡಿದು ಮನೆಗೆ ಕರೆತಂದ. ಅಂದಿನಿಂದ ನಮ್ಮ ಮಗ್ಗದ ಮನೆ ಪೂರ್ತಿ ಹೇಳಿಸಿಕೊಂಡವರ ಮನೆಯಾಯಿತು. ಎರಡು ಮಗ್ಗ ತೆಗೆದು ಹಾಸಿಗೆ ಹಾಸಿದೆವು. ಎರಡನೆಯ ವರ್ಷದ ಹೊತ್ತಿಗೆ ಒಂಬತ್ತು ಜನರಿದ್ದರು. ನಾನು ಅವರ ಬೆನ್ನು ತಿಕ್ಕಿದೆ, ಬಟ್ಟೆ ಒಗೆದೆ. ಗುರುಸಿದ್ದವ್ವ ದಿನಕ್ಕೆರಡು ಸಲ ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಳು; ಆ ಹೊತ್ತಿಗೆ ಅಣ್ಣ ಮಗ್ಗ ನಿಲ್ಲಿಸುತ್ತಿದ್ದ. ಒಳ್ಳೆಯ ದಿನಗಳಿದ್ದವು ಎಂದು ಹೇಳಿದರೆ ನೀವು ನಂಬಬೇಕು. ನುಚ್ಚಿಗೆ ಉಪ್ಪು ಕಡಿಮೆಯಾಯಿತೆಂದು ಅವಳು ಬೈಯುವಾಗ ಉಳಿದ ಎಂಟು ಜನ ಬೊಚ್ಚುಬಾಯಿ ತೆರೆದು ನಗುತ್ತಿದ್ದರು.

ಮೂರನೆಯ ವರ್ಷ ಊರಿನ ನೆರಳು ಸಮಿತಿಯವರು ನಮ್ಮ ಬೀದಿಯ ಬಟ್ಟೆ ಬಿಚ್ಚಿಕೊಂಡು ಹೋದರು. ಯಾವ ಬೀದಿಗೆ ನೆರಳು ಎಂದು ಹೇಳುವುದೂ ಹೇಳುಗವೇ. ಅದನ್ನು ಕೇಳದವರ ಬೀದಿ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂದರು. ನಾವೇ ನೇಯ್ದ ಬಟ್ಟೆ. ಬಿಚ್ಚುವವರಲ್ಲಿ ನಮ್ಮ ಸಭೆಯವರೂ ಇದ್ದರು, ನಮ್ಮ ಕಣ್ಣು ತಪ್ಪಿಸಿ ಗಂಟು ಸಡಿಲಿಸುತ್ತಿದ್ದರು. ಮರುದಿನ ಹತ್ತೂವರೆಗೆ ಮಗ್ಗದ ಮನೆಯ ತಗಡು ಸಿಡಿಯತೊಡಗಿತು. ಮುದುಕರು ಬಾಯಿ ತೆರೆದು ಉಸಿರು ಹುಡುಕುತ್ತಿದ್ದರು. ಅಣ್ಣ ಉಳಿದಿದ್ದ ಒಂದು ಸುರುಳಿ ನೆರಳುಬಟ್ಟೆ ಹೆಗಲಿಗೇರಿಸಿ ಸೂರಿಗೆ ಏಣಿ ಇಟ್ಟ. ಬೇಡ ಎಂದು ಕೂಗಿದೆ. "ಅರ್ಧ ತಾಸಿನ ಕೆಲಸ" ಎಂದ. ಎರಡು ತಾಸು ಹಿಡಿಯಿತು. ತಾನೇ ಇಳಿದು ಬಂದ. ಮುಖ ಒಣಗಿ ಕೆಂಪಗಿತ್ತು, ಬೆವರೇ ಇರಲಿಲ್ಲ. ಗೋಡೆಗೊರಗಿ ಕೂತು ನೀರು ಕೇಳಿದ, ಕುಡಿದದ್ದು ನಿಲ್ಲಲಿಲ್ಲ. "ದೀನಾ, ದಕ್ಷಿಣದ ಮೂಲಿ ಕಟ್ಟೋದು ಉಳದೈತಿ" ಎಂದ. ಐದರ ಸೈರನ್ ಕೂಗುವ ಮೊದಲೇ ಹೋಗಿಬಿಟ್ಟ. ಐವತ್ತೆಂಟು ವರ್ಷ. ಐದು ಗಂಟೆಗೆ ನಾನು ಏಣಿ ಹತ್ತಿ ಆ ಮೂಲೆ ಕಟ್ಟಿದೆ.

ಮಣ್ಣಿಗೆ ಇಡೀ ಊರು ಬಂತು. ಈರುಳ್ಳಿ ಎಸೆದವನೂ ಬಂದು ಅತ್ತ. ಆ ವಾರದಲ್ಲೇ ಮುದುಕರಲ್ಲಿ ಇಬ್ಬರು ತೀರಿದರು. ಮೂವರನ್ನು ಮನೆಯವರು ಬಂದು ಕರೆದುಕೊಂಡು ಹೋಗಿ ಹಬ್ಬ ಮಾಡಿದರು. ಸಂತೆಗೆ ನಮ್ಮ ಜೊತೆ ಬರುತ್ತಿದ್ದ ಹನ್ನೊಂದು ಜನ ಒಬ್ಬೊಬ್ಬರಾಗಿ ಸಭೆಗೆ ಮರಳಿದರು. ಅವರನ್ನು ದೂರುವುದಿಲ್ಲ, ಅವರ ಮಕ್ಕಳಿಗೂ ನೆರಳು ಬೇಕಿತ್ತು.

ಒಂದು ವರ್ಷ ಕಳೆದ ಮೇಲೆ ಪ್ರೇಮಾನಂದ ಅಯ್ಯನವರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಬಹಳ ಹೊತ್ತು ಕಣ್ಣೊರೆಸಿಕೊಂಡರು. "ನಾವು ತಪ್ಪು ಮಾಡಿದ್ವಿ, ತಂಗೆವ್ವಾ. ಅವ ಪ್ರವಾದಿ ಇದ್ದ. ಅವನ ಮಾತು ಉಳೀಬೇಕು. ನಿನ್ನ ಹತ್ರ ಡಬ್ಬಿ ಐತೆಲ್ಲ?" ಎಂದರು.

ಅದನ್ನು ಏಕೆ ಕೇಳುತ್ತಿದ್ದಾರೆಂದು ನನಗೆ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಾಗಿತ್ತು. ಆದರೆ ಒಂದು ವರ್ಷದಿಂದ ಮನೆಯಲ್ಲಿ ನನ್ನನ್ನು ತಂಗಿ ಎನ್ನುವವರು ಇರಲಿಲ್ಲ. ಅವನ ಮಾತು ಒಮ್ಮೆಯಾದರೂ ಊರೆಲ್ಲ ಕಿವಿಗೊಟ್ಟು ಕೇಳಲಿ ಎನ್ನುವ ಆಸೆಯೂ ಇತ್ತು. ಕೊಟ್ಟೆ.

ಈಗ ಪೀಠದ ಪಕ್ಕದ ಗಾಜಿನಲ್ಲಿ ನಮ್ಮಣ್ಣ ನಿಂತಿದ್ದಾನೆ. ಮೊದಲ ಭಾನುವಾರ ಅದು ಸಂತೆಯ ಮಾತನ್ನೇ ಆಡಿತು: ವಿಗ್ರಹಗಳಿಂದ ದೂರವಿರಿ, ಮುದುಕರನ್ನು ಪ್ರೀತಿಸಿ. ಜನ ಎದ್ದು ನಿಂತು ಆಮೆನ್ ಎಂದರು. ಆಮೇಲೆ ಸಾಲಾಗಿ ನಿಂತು ಮಗಳ ಮದುವೆ, ಗಂಡನ ಕೆಮ್ಮು ಕೇಳಿದರು. ಅವನಿಗಿದ್ದ ತೊದಲು ಅದಕ್ಕಿಲ್ಲ, ತೆಗೆದು ನಯಮಾಡಿದ್ದಾರೆ. ಅವನ ಹೆಸರಿನ ದಿನ ಮಾಡುತ್ತಾರೆ. ಪುಟ್ಟ ಬುಟ್ಟಿಗಳನ್ನು ಹೆಣೆದು ಮಕ್ಕಳ ಕೊರಳಿಗೆ ಕಟ್ಟುತ್ತಾರೆ. ಪೂರ್ತಿ ಹೇಳುವುದನ್ನು ಒಂದು ವರ್ಷ ಮಾತ್ರ ನಿಲ್ಲಿಸಿತ್ತು. ಮತ್ತೆ ಶುರುವಾದಾಗ ಮೊದಲಿಗಿಂತ ಹೆಚ್ಚು ಜನ ನಗುನಗುತ್ತ ಹೋದರು. ಸೀಲಪ್ಪಜ್ಜನೇ ಹೇಳಿದ ಮೇಲೆ ಅನುಮಾನ ಯಾರಿಗೆ?

ನನಗೀಗ ಅರವತ್ತಾರು. ಅವ್ವನ ಕೆಮ್ಮೇ ನನಗೂ ಬಂದಿದೆ. ಹೋದ ಭಾನುವಾರ ಹಲವು ವರ್ಷಗಳ ಮೇಲೆ ಸಭೆಗೆ ಹೋದೆ. ಕೇಳಲು ಹೋದದ್ದಲ್ಲ, ಅವನ ದನಿ ಇನ್ನೊಮ್ಮೆ ಕಿವಿಗೆ ಬೀಳಲಿ ಎಂದು, ಅಷ್ಟೇ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪ್ರಸಂಗದ ನಡುವೆ ಅದು ನನ್ನ ಕಡೆ ತಿರುಗಿತು.

"ತಂಗಿ, ಸಾಕಾತವಾ. ಪೂರ್ತಿ ಆತು. ಬಂದುಬಿಡು."

ಎದೆ ಹೇಗೆ ಎಳೆಯಿತೆಂದು ನಿಮಗೆ ಹೇಳಲಾರೆ. ಕಾಲುಗಳು ತಾವಾಗಿಯೇ ಎದ್ದವು. ಆಗ ನಾನು ಅಂದು ಅಣ್ಣ ನಿಂತಿದ್ದ ಜಾಗದವರೆಗೆ ಹೋಗಿ, ನನ್ನಿಂದಾದಷ್ಟು ಗಟ್ಟಿಯಾಗಿ ಕೂಗಿದೆ: "ಇವ ನಮ್ಮಣ್ಣ ಅಲ್ಲ! ನಮ್ಮಣ್ಣ ಇದನ್ನ ಬ್ಯಾಡ ಅಂತ ಸತ್ತಾನ!" ಕೆಮ್ಮು ಬಂದು ಮಾತು ನಿಂತಿತು. ಯಾರೂ ಸಿಟ್ಟಾಗಲಿಲ್ಲ. ಮುಂದಿನ ಸಾಲಿನ ಒಬ್ಬ ಹೆಂಗಸು ತುಟಿಗೆ ಬೆರಳಿಟ್ಟು, ಮಗುವಿಗೆ ಹೇಳುವಂತೆ ಪ್ರೀತಿಯಿಂದ ಹೇಳಿದಳು: "ಶ್... ಸುಮ್ನಿರಬೇ. ಸೀಲಪ್ಪಜ್ಜ ಮಾತಾಡಾಕತ್ತಾನ."

ನಾನು ತಂಪುಮನೆಗೆ ಹೋಗುವುದಿಲ್ಲ. ಮುದುಕರಲ್ಲಿ ಈಗ ಉಳಿದವಳು ಗುರುಸಿದ್ದವ್ವ ಒಬ್ಬಳೇ. ಅವಳಿಗೆ ಎಂಬತ್ತನಾಲ್ಕು, ನಾನು ಹೋದರೆ ಅವಳಿಗೆ ಯಾರೂ ಇಲ್ಲ. ನಾನು ಸತ್ತರೂ ಅವಳಿಗೆ ಯಾರೂ ಇಲ್ಲ. ಇದಕ್ಕಿಂತ ಹೆಚ್ಚಿನ ಭರವಸೆಯನ್ನು ನಿಮಗೆ ಬರೆಯಲು ನನ್ನಲ್ಲಿಲ್ಲ, ಇದ್ದಂತೆ ನಟಿಸಲಾರೆ. ಪ್ರಾರ್ಥಿಸುತ್ತೇನೆ; ಉತ್ತರ ಬರುವುದಿಲ್ಲ. ಕೇಳಿದ ತಕ್ಷಣ ಉತ್ತರ ಕೊಡದ ದೇವರನ್ನು ಈ ಊರಿನಲ್ಲಿ ಇನ್ನೂ ಬಯಸುವವಳು ನಾನೊಬ್ಬಳೇ ಇರಬೇಕು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಸಭೆಯಲ್ಲೂ ಒಂದು ದಿನ ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. ಹೇಳಿದ್ದನ್ನೇ ಹೇಳಿ ಬೇಸರ ತರಿಸುತ್ತಾರೆ, ತೊದಲುತ್ತಾರೆ, ಆರಾಧನೆಯ ಹೊತ್ತು ಕೆಡಿಸುತ್ತಾರೆ. ಅವರು ಬದುಕಿರುವಾಗಲೇ ಅವರೊಡನೆ ಜಗಳವಾಡಿ. ತಪ್ಪೆನಿಸಿದರೆ ಮುಖಕ್ಕೆ ಹೇಳಿ, ಬೇಕಾದರೆ ಹೊರಗೂ ಹಾಕಿ. ದಯಮಾಡಿ, ಸತ್ತ ಮೇಲೆ ಮಾತ್ರ ಅವರನ್ನು ಪ್ರೀತಿಸಬೇಡಿ.

ಇಂತಿ,
ದೀನಾ